ನೀಲಿ ಉರಿ ನಂಬಬೇಡಿ

ಅಫಜಲಪುರದ ಭೀಮಾ ದಂಡೆಗೆ ಕಬ್ಬು, ಆಳಂದ-ಜೇವರ್ಗಿ ಹೊಲಗಳಿಗೆ ತೊಗರಿ. ರಾಶಿ ಮುಗಿದ ಸಂಜೆ ಆಳುಗಳು ಕೂಲಿ ಜೊತೆಗೆ ‘ಕುಡಿಲಕ್ಕ ಏನರೆ ಕೊಡ್ರಿ ಯಣ್ಣಾ’ ಅಂತಾರೆ. ನಾನೂ ರೊಕ್ಕ ಕೊಟ್ಟವನೇ. ಎಲ್ಲಿಂದ ತಂದರು, ಅದರಲ್ಲಿ ಏನಿತ್ತು ಎಂದು ಕೇಳಿದವನಲ್ಲ.

ಸಾರಾಯಿಗೆ ಕಡ್ಡಿ ಗೀರಿ, ನೀಲಿ ಉರಿ ಬಂದರೆ ‘ಅಸಲಿ ಮಾಲು’ ಅನ್ನೋರಿದ್ದಾರೆ. ಇದು ಸುಳ್ಳು ಪರೀಕ್ಷೆ. ವಿಷವಾದ ಮಿಥೈಲ್ ಆಲ್ಕೋಹಾಲೂ ನೀಲಿಯಾಗಿಯೇ ಉರಿಯುತ್ತದೆ. ವಾಸನೆ, ರುಚಿಯಿಂದಲೂ ಗುರುತು ಸಿಗದು.

ಬೆಲ್ಲದ ಭಟ್ಟಿಯಲ್ಲಿ ಈ ವಿಷ ಅತ್ಯಲ್ಪ. ಜೀವ ತೆಗೆಯುವುದು ಆಮೇಲೆ ಬೆರೆಸುವ ಕಾರ್ಖಾನೆಯ ಸ್ಪಿರಿಟ್ಟು. ಹಾಗಂತ ಮನೆಭಟ್ಟಿ ಕ್ಷೇಮವಲ್ಲ. ಸೋರಿದ ಆವಿಗೆ ಒಲೆಯ ಕಿಡಿ ತಾಗಿದರೆ ಗುಡಿಸಲೇ ಹೋದೀತು. ಬೆಸುಗೆಯ ಸೀಸ ಸಾರಾಯಿಗೆ ಇಳಿಯುತ್ತದೆ. ಕಾನೂನಿನಲ್ಲೂ ಅಪರಾಧ.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಅಂಗಡಿ ಮುಚ್ಚಿದವು. ಕಳ್ಳಭಟ್ಟಿ ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಕಡೆ ವಿಷಸಾರಾಯಿಗೆ 150ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಕೂಲಿಕಾರರೇ.

ವಿಷ ತಡವಾಗಿ ಏರುತ್ತದೆ. 12ರಿಂದ 24 ತಾಸಿನ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣಿಗೆ ಮಂಜು ಕವಿದಂತೆ. ‘ನಿಶಾ ಇಳಿದಿಲ್ಲ’ ಎಂದು ಮಲಗಿಸಬೇಡಿ. ಮಜ್ಜಿಗೆ, ಲಿಂಬೆಹಣ್ಣು ಇದಕ್ಕೆ ಮದ್ದಲ್ಲ. 108ಕ್ಕೆ ಫೋನು ಮಾಡಿ, ದವಾಖಾನೆಗೆ ಒಯ್ಯಿರಿ. ಕುಡಿದದ್ದೇನೆಂದು ಡಾಕ್ಟರರಿಗೆ ಮುಚ್ಚಿಡಬೇಡಿ. ಬೇಗ ಹೋದರೆ ಪ್ರತಿವಿಷ, ಡಯಾಲಿಸಿಸ್‌ನಿಂದ ಜೀವವೂ ಕಣ್ಣೂ ಉಳಿಯಬಹುದು. ಜೊತೆಗೆ ಕುಡಿದವರನ್ನೂ, ಅವರು ಆರಾಮಿದ್ದರೂ, ಕರೆದೊಯ್ಯಿರಿ.

ಈಗ ರಾಶಿ ಮುಗಿದ ಸಂಜೆ ನಾನು ಕೂಲಿ ಮೇಲೆ ಎರಡು ಸೇರು ತೊಗರಿ ಅಳೆದು ಕೊಡ್ತೀನಿ. ಮನೀಗೆ ಹೋಗಿ ಮುಟ್ಟೋದು ಅದೊಂದೇ.