ಹೊಗೆಯ ಹಿಂದಿನ ಮನಸ್ಸು

ಸಿಗರೇಟು ದೇಹಕ್ಕೆ ಹಾನಿಕರವೆಂಬುದನ್ನು ಅಮೆರಿಕದ ಸರ್ಜನ್ ಜನರಲ್ ಅವರ ವರದಿ 1964ರಲ್ಲಿಯೇ ಸಾರಿತು. ಆದರೂ ವಿದ್ಯಾವಂತರೂ ಸಂಸಾರವಂದಿಗರೂ ಆದ ಹಿರಿಯರು ಅದನ್ನೇಕೆ ತ್ಯಜಿಸಲಾರರು?

ಹೊಗೆಯೊಳಗಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ ಹಿತವನ್ನುಂಟುಮಾಡುತ್ತದೆ. ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಚಡಪಡಿಕೆ, ಸಿಡುಕು ತಲೆದೋರುತ್ತವೆ. ಮತ್ತೊಂದು ಸಿಗರೇಟು ಅದನ್ನು ತಣಿಸುತ್ತದೆ. ಸೇದುವವರು ನೆಮ್ಮದಿಯೆಂದು ಭಾವಿಸುವುದು ಬಹುಮಟ್ಟಿಗೆ ಸಿಗರೇಟೇ ತಂದಿತ್ತ ಬೇಗೆಯ ಶಮನವಷ್ಟೇ. ಕಾಫಿಯ ಪರಿಮಳ, ಊಟದ ಕೊನೆ, ಗೆಳೆಯರ ಹರಟೆ ಇವೂ ಕ್ರಮೇಣ ಆ ಆಸೆಯನ್ನು ಕೆರಳಿಸತೊಡಗುತ್ತವೆ.

ಬುದ್ಧಿ ಬೇಡವೆಂದರೂ ಕೈ ಕೇಳದ ಈ ಇಬ್ಬಂದಿತನವನ್ನು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ತಮ್ಮ 1957ರ ಗ್ರಂಥದಲ್ಲಿ ಧೂಮಪಾನದ ನಿದರ್ಶನದಿಂದಲೇ ವಿವರಿಸಿದರು. ಚಟ ಬಿಡುವುದು ಕಷ್ಟ, ನೆಪ ಹುಡುಕುವುದು ಸುಲಭ. "ನಮ್ಮ ತಾತ ಬೀಡಿ ಸೇದಿಯೂ ತೊಂಬತ್ತು ವರ್ಷ ಬಾಳಿದರು" ಎಂಬ ಮಾತನ್ನು ನಾವಾರು ಕೇಳಿಲ್ಲ?

ಹಂಗಿಸಿದರೆ ನೆಪಗಳು ಬಲಿಯುತ್ತವೆಯೇ ಹೊರತು ಚಟ ಸಡಿಲವಾಗದು. ವೈದ್ಯರ ಸಲಹೆ, ಔಷಧೋಪಚಾರ, ಮನೆಯವರ ತಾಳ್ಮೆ ಮೂರೂ ಕೂಡಬೇಕು. 1965ರಲ್ಲಿ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 42 ಮಂದಿ ಸೇದುತ್ತಿದ್ದರು. 2022ರ ವೇಳೆಗೆ ಆ ಸಂಖ್ಯೆ ಸುಮಾರು 12ಕ್ಕಿಳಿದಿತ್ತು. ಬಿಟ್ಟು ಗೆದ್ದವರು ಅನೇಕರಿದ್ದಾರೆ. ಸಮ್ಮೇಳನದ ಸಭಾಂಗಣದಿಂದ ಮೆಲ್ಲನೆ ಹೊರನಡೆಯುವ ನಮ್ಮ ಬಂಧುಗಳೂ ಆ ಸಾಲಿಗೆ ಸೇರಲೆಂಬುದೇ ಹಾರೈಕೆ.