ಬುದ್ಧ ವಿಹಾರದ ಬಿಳುಪು, ನಿಮ್ಮ ಫೋಟೋದಾಗ

ಕಲಬುರಗಿಯ ಸೇಡಂ ರಸ್ತೆಯ ಬುದ್ಧ ವಿಹಾರ ನೋಡೀರಲ್ಲ? ಮಧ್ಯಾಹ್ನದ ಬಿಸಿಲಾಗ ಆ ಬಿಳಿ ಗುಮ್ಮಟದ ಫೋಟೋ ತೆಗೆದ್ರ ಬರೇ ಸುಣ್ಣದ ಗೋಡಿ ಕಂಡಂಗ ಕಾಣ್ತದ. ಜೆಪೆಗ್‌ನಾಗ ಒಂದೊಂದು ಬಣ್ಣಕ್ಕ ಹೊಳಪಿನ 256 ಮೆಟ್ಟಿಲು ಅಷ್ಟೇ. ಕ್ಯಾಮೆರಾದ 14 ಬಿಟ್ ರಾ (ಕಚ್ಚಾ) ಫೈಲಿನಾಗ 16,384! ಅದಕ್ಕ ಮೊದ್ಲು ರಾ ಆನ್ ಮಾಡ್ರಿ, ಎಕ್ಸ್‌ಪೋಷರ್ ಸ್ವಲ್ಪ ಇಳಸ್ರಿ. ಪೂರ್ತಿ ಸುಟ್ಟುಹೋದ ಬಿಳುಪನ್ನ ಯಾವ ಸಾಫ್ಟ್‌ವೇರೂ ತಿರುಗಿ ತರಂಗಿಲ್ಲ.

ಇನ್ನ ತೆಗೆದ ಫೋಟೋ ತಿದ್ದಲಿಕ್ಕ ಸಾಫ್ಟ್‌ವೇರ್ ಯಾವ್ದು? ಮೊಬೈಲ್ ಅಷ್ಟೇ ಇದ್ರ ಸ್ನ್ಯಾಪ್‌ಸೀಡ್ ಸಾಕು, ಪುಕ್ಕಟ. ಲೈಟ್‌ರೂಮ್ ಕಲಿಯೋದು ಸುಲಭ, ಆದ್ರ ಚಂದಾ ಕಟ್ತಾನೇ ಇರಬೇಕು. ಲ್ಯಾಪ್‌ಟಾಪ್ ಇದ್ದ ಹವ್ಯಾಸಿಗೆ ನನ್ನ ಆಯ್ಕೆ ಡಾರ್ಕ್‌ಟೇಬಲ್: ರೊಕ್ಕ ಬ್ಯಾಡ, ಮೂಲ ಫೈಲಿಗೆ ಕೈ ಹಚ್ಚಂಗಿಲ್ಲ. ಮೊದಲ ವಾರ ತಲಿ ತಿರುಗ್ತದ, ಬಿಡಬ್ಯಾಡ್ರಿ. ಈ ಭಾನುವಾರ ವಿಹಾರದ ಒಂದೇ ಒಂದು ರಾ ಫೋಟೋ ತೆಗೆದು, ಡಾರ್ಕ್‌ಟೇಬಲ್‌ನಾಗ ಹಾಕಿ ನೋಡ್ರಿ.