ಸಾಕ್ಷ್ಯಚಿತ್ರವೋ, ಸ್ತುತಿಚಿತ್ರವೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ನಮ್ಮ ಈ ಸೀಮೆಯಲ್ಲಿ ಬಸವಣ್ಣನವರ ಚಿತ್ರಪಟದ ಮಗ್ಗುಲಲ್ಲಿ ಮಾತೆ ಮಹಾದೇವಿಯವರ ಭಾವಚಿತ್ರವನ್ನಿಟ್ಟು ಪೂಜಿಸುವ ಮನೆಗಳುಂಟು. ಅವರ ಹೆಸರೆತ್ತಿದೊಡನೆ ಮುಖ ಗಂಟಿಕ್ಕುವ ಮನೆಗಳೂ ಉಂಟು. ಕೆಲವು ದಿನಗಳ ಹಿಂದೆ ಬನಹಟ್ಟಿಯ ಇಬ್ಬರು ಹಳೆಯ ಶಿಷ್ಯರು ನಮ್ಮಲ್ಲಿಗೆ ಬಂದಿದ್ದರು. ಇಬ್ಬರೂ ನೇಕಾರರು, ಮಾತಾಜಿಯವರ ಭಕ್ತರು. ತಮ್ಮ ಗುರುವಿನ ಕುರಿತು ದೂರದರ್ಶನದಲ್ಲಿ ಒಂದು ಸಾಕ್ಷ್ಯಚಿತ್ರ ಬರಬೇಕೆಂಬುದು ಅವರ ಹಂಬಲ.

“ಮಾಸ್ತರ್ರ, ನಾಕು ಮಾತು ನೀವು ಬರದು ಕೊಡ್ರಿ. ಆದರ ಆ ಅಂಕಿತದ ಜಗಳ ಮಾತ್ರ ಬ್ಯಾಡ್ರಿ” ಎಂದರು.

ಬೇಡಿಕೆಯ ಪೂರ್ವಾರ್ಧಕ್ಕೆ ನಾವು ಸಂತೋಷದಿಂದ ಒಪ್ಪಿದೆವು. ಉತ್ತರಾರ್ಧಕ್ಕೆ ಒಪ್ಪಲಾರದೆ ಹೋದೆವು. ಅದರ ಕಾರಣವನ್ನು ವಾಚಕರ ಮುಂದಿಡುತ್ತೇವೆ.

ಅದು ಚಿತ್ರಕ್ಕೆ ಯೋಗ್ಯವಾದ ಬಾಳೆಂಬುದರಲ್ಲಿ ಸಂದೇಹವಿಲ್ಲ. 1946ರಲ್ಲಿ ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ ಜನಿಸಿದ ಆ ವಿದ್ಯಾವಂತ ತರುಣಿ 1966ರಲ್ಲಿ ಲಿಂಗಾನಂದ ಸ್ವಾಮಿಗಳಿಂದ ದೀಕ್ಷೆ ಪಡೆದರು. 1970ರಲ್ಲಿ ಜಗದ್ಗುರು ಪೀಠವನ್ನೇರಿದರು. ಗುರುಪೀಠವೆಂದರೆ ಪುರುಷರ ಸ್ವತ್ತೆಂದು ಲೋಕವು ನಂಬಿದ್ದ ಕಾಲವದು. ಮುಂದೆ ಕೃಷ್ಣೆ-ಮಲಪ್ರಭೆಗಳು ಕೂಡುವ ಕೂಡಲಸಂಗಮವು ಅವರ ಬಸವ ಧರ್ಮ ಪೀಠದ ನೆಲೆಯಾಯಿತು. ಜನವರಿ ತಿಂಗಳ ಶರಣ ಮೇಳಕ್ಕೆ ನಮ್ಮ ಊರುಗಳಿಂದ ಹೋಗಿಬಂದ ಗೃಹಿಣಿಯರೆಷ್ಟೋ! ಲಿಂಗಾಯತವು ಸ್ವತಂತ್ರ ಧರ್ಮವೆಂದು ಅವರು ದಶಕಗಳ ಕಾಲ ಸಾರಿದರು. 2018ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಅಂಥ ಮಾನ್ಯತೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಮರುವರ್ಷ, 2019ರ ಮಾರ್ಚಿ 14ರಂದು, ಅವರು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು.

ಇನ್ನು ಅಂಕಿತದ ಮಾತು. ವಚನದ ಕೊನೆಯಲ್ಲಿ ಬರುವ ಇಷ್ಟದೈವದ ಹೆಸರೇ ಅಂಕಿತ. ಅದರಿಂದಲೇ ವಚನವು ಯಾರದೆಂದು ತಿಳಿಯುತ್ತದೆ. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ಮಾತಾಜಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಆ ಸ್ಥಳದಲ್ಲಿ ‘ಲಿಂಗದೇವ’ ಎಂದು ಅಚ್ಚು ಹಾಕಿಸಿದರು. ಪರಮಾತ್ಮನಿಗೆ ಲಿಂಗದೇವನೆಂಬ ಹೆಸರೇ ತಕ್ಕದ್ದೆಂಬುದು ಅವರ ದೃಢವಾದ ನಂಬಿಕೆ. ಆದರೆ ಬಹುಜನ ಭಕ್ತರೂ ವಿದ್ವಾಂಸರೂ ಇದರಿಂದ ನೊಂದರು. 1998ರಲ್ಲಿ ಸರಕಾರವು ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿಷೇಧವನ್ನು ಎತ್ತಿಹಿಡಿಯಿತು. ನೊಂದವರಲ್ಲಿ ನಾವೂ ಒಬ್ಬರು. ಅಂದಿನಿಂದ ಅವರ ಪ್ರವಚನಗಳಿಗೆ ಹೋಗುವುದನ್ನೇ ಬಿಟ್ಟಿದ್ದೆವು.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಕಲಿತ ಮೊದಲ ಶಿಸ್ತು ಇದು: ಗ್ರಂಥದ ಪಾಠವು ನಮಗೆ ರುಚಿಸದಿದ್ದರೂ ಅದನ್ನು ಅಳಿಸಲಾಗದು, ನಮ್ಮ ಮತವನ್ನು ಅಡಿಟಿಪ್ಪಣಿಯಲ್ಲಿ ಬರೆಯಬಹುದು. ನೆರೆಯ ವಿಜಯಪುರದಲ್ಲಿದ್ದು ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಪರಿಶ್ರಮದಿಂದ ನಮಗೆ ಒದಗಿದ ನಿಧಿಯಿದು. ಅದನ್ನು ಇದ್ದಂತೆ ಕಾಯುವುದು ಎಲ್ಲರ ಹೊಣೆ.

ಈ ನಿಯಮವು ಗ್ರಂಥಕ್ಕೆ ಹೇಗೋ ಮನುಷ್ಯರ ಬಾಳಿಗೂ ಹಾಗೆಯೇ. ಸಾಕ್ಷಾತ್ ಕಂಡವನೇ ಸಾಕ್ಷಿಯೆಂದು ವೈಯಾಕರಣರು ಹೇಳುತ್ತಾರೆ. ಕಂಡುದರಲ್ಲಿ ಅರ್ಧವನ್ನು ಮುಚ್ಚಿಟ್ಟವನು ಸಾಕ್ಷಿಯಾಗಲಾರ. ಅಂಕಿತದ ಪ್ರಕರಣವನ್ನು ಕೈಬಿಟ್ಟ ಚಿತ್ರವು ಮಾತಾಜಿಯವರ ಬಾಳಿನ ಪಾಠವನ್ನೇ ತಿದ್ದಿದಂತಾಗುವುದು. ಮೇಲಾಗಿ, ಭಕ್ತರು ಬಿಟ್ಟುದನ್ನು ವಿರೋಧಿಗಳು ಬಿಡುವರೇ? ಅವರು ತೆಗೆದ ಚಿತ್ರದಲ್ಲಿ ಆ ಜಗಳವೊಂದೇ ಉಳಿದೀತು. ದೀಕ್ಷೆ, ಪೀಠ, ದಶಕಗಳ ದುಡಿಮೆ ಎಲ್ಲವೂ ಮಾಯವಾದೀತು.

ಇಷ್ಟನ್ನೂ ಕೇಳಿ ಶಿಷ್ಯರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಹಿರಿಯನು, “ಹಂಗಾದರ ಹಂಗ್ಯಾಕ ಮಾಡಿದರು ಅನ್ನೂದನ್ನ ಅವರ ಮಾತಿನಾಗs ಹೇಳಸ್ತೀರೇನ್ರಿ?” ಎಂದು ಕೇಳಿದನು.

“ಅವರ ಮಾತೇ ಮೊದಲು, ನೊಂದವರ ಮಾತು ಅನಂತರ, ನ್ಯಾಯಾಲಯದ ತೀರ್ಪು ಕಡೆಗೆ. ಅವರ ಮಾತನ್ನು ಒಂದಕ್ಷರವೂ ತಿದ್ದದೆ ಬರೆಯುತ್ತೇವೆ” ಎಂದೆವು.

ಮಿಕ್ಕವರನ್ನು ಕೇಳಿ ಬರುತ್ತೇವೆಂದು ಅವರು ಹೋದರು. ಅವರು ಮರಳಿ ಬರುವರೆಂದೇ ನಮ್ಮ ನಂಬಿಕೆ. ಅಲ್ಲಿಯವರೆಗೆ ನಾವೂ ಒಂದು ಕೆಲಸ ಹಿಡಿದಿದ್ದೇವೆ: ಅಂದು ಮುನಿಸಿನಿಂದ ಕೇಳದೆ ಬಿಟ್ಟಿದ್ದ ಮಾತಾಜಿಯವರ ಪ್ರವಚನಗಳ ಮುದ್ರಿಕೆಗಳನ್ನು ತರಿಸಿ ಕೇಳುತ್ತಿದ್ದೇವೆ. ಸಾಕ್ಷಿ ಹೇಳಹೊರಟವನು ಮೊದಲು ತಾನು ಕೇಳಬೇಕಷ್ಟೆ.